ಬುರುಲ್ ಮತ್ತು ಬಿಳಿ ತಲೆವಸ್ತ್ರ

ನಮ್ಮ ಬೆಟ್ಟದೂರು ನರಿನ್‌ನಲ್ಲಿ ಗಾಳಿ ಬೀಸದ ದಿನ ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಾರೆ. ಅಂಥದೇ ಒಂದು ದಿನ ನಮ್ಮ ಕಾಲೇಜು ಬುರುಲ್‌ಗೆ ಸನ್ಮಾನ ಇಟ್ಟುಕೊಂಡಿತು.

ಬುರುಲ್ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ವಾಲಿಬಾಲ್ ತಂಡದ ನಾಯಕಿ. ಓಟದಲ್ಲಿ ಉಳಿದವರು ಕಂಡದ್ದು ಅವಳ ಜಡೆಯನ್ನು ಮಾತ್ರ. ಒಂಬತ್ತು ಗುಳಿಗಳ ಮಣೆಯಾಟದಲ್ಲಿ ಗಣಿತದ ಮೇಷ್ಟ್ರನ್ನು ಸೋಲಿಸಿ, ಆಮೇಲೆ ಚಹಾ ಕುಡಿಸಿ ಸಮಾಧಾನ ಮಾಡಿದ್ದಳು. ಹಳ್ಳಿಯಲ್ಲಿ ಅವಳನ್ನು ಸಾಕಿದ ಅಜ್ಜಿಗೆ ಇದೆಲ್ಲ ಗೊತ್ತಿತ್ತು. ನಡುಪಟ್ಟಿ ಹಿಡಿದು ಎತ್ತಿಹಾಕುವ ಕುಸ್ತಿಯೊಂದು ಮಾತ್ರ ಗೊತ್ತಿರಲಿಲ್ಲ.

“ಹುಡುಗಿ ಕುಸ್ತಿಗಿಳಿದಳು ಅಂತ ಸುದ್ದಿ ಬರ್ಲಿ, ಹಾಸಿಗೆ ಸಮೇತ ನಿನ್ನನ್ನ ಮನೆಗೆ ಎತ್ಕೊಂಡ್ ಹೋಗ್ತೀನಿ,” ಎಂದು ಅಜ್ಜಿ ಮೊದಲೇ ಹೇಳಿದ್ದರು. ಅವರು ಹೇಳಿದ್ದನ್ನು ಮಾಡುವವರು. ಹಾಗಾಗಿ ಕುಸ್ತಿಯ ಪದಕಗಳು ನನ್ನ ಚಳಿಗಾಲದ ಬೂಟುಗಳೊಳಗೆ ಇರುತ್ತಿದ್ದವು. ಬೇಸಿಗೆಯಲ್ಲಿ ತೊಂದರೆಯಿರಲಿಲ್ಲ.

ಸನ್ಮಾನದ ಬೆಳಿಗ್ಗೆ ಅಜ್ಜಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಬುರುಲ್ ತರಬೇತುದಾರ ಜೆನಿಶ್ ಅವರನ್ನು ಮೂಲೆಗೆ ಕರೆದಳು.

“ಕುಸ್ತಿ ಅಂತ ಓದ್ಬೇಡಿ ಸರ್, ದಮ್ಮಯ್ಯ.”

“ಮತ್ತೆ ಏನಂತ ಓದ್ಲಿ? ನೃತ್ಯ ಅಂತಲಾ?”

“ಇತರೆ ಅನ್ನಿ.”

ಜೆನಿಶ್ ಮಾತಿಗೆ ತಪ್ಪಲಿಲ್ಲ. “ವಾಲಿಬಾಲ್, ಓಟ, ಮಣೆಯಾಟ ಮತ್ತು ಇತರೆ,” ಎಂದು ಗಂಭೀರವಾಗಿ ಓದಿದರು. ಅಜ್ಜಿ ತಲೆದೂಗಿದರು. ಬುರುಲ್ ಉಸಿರು ಬಿಟ್ಟಳು.

ಸನ್ಮಾನದ ನಿಲುವಂಗಿ ತೊಡಿಸಿಯಾಯಿತು. ಜೆನಿಶ್ ಪ್ರತಿವರ್ಷದಂತೆ ಬಿಳಿ ಉಣ್ಣೆಯ ಟೋಪಿ ಎತ್ತಿದರು. ಪ್ರತಿವರ್ಷ ಸನ್ಮಾನ ಹುಡುಗರಿಗೇ ಆಗುತ್ತಿತ್ತು.

“ಹೆಣ್ಣುಮಗು ತಲೆಗೆ ಗಂಡಸರ ಟೋಪಿ ಇಡ್ತೀರಾ? ನಾಚಿಕೆ ಆಗಲ್ವಾ?” ಎಂದು ಗ್ರಂಥಪಾಲಕಿ ಕೆಳಗಿನಿಂದ ಗದರಿದರು.

ವೇದಿಕೆಯಲ್ಲಿ ಗುಸುಗುಸು ನಡೆಯಿತು. ನಿವೃತ್ತಿಯಾಗುವ ಶಿಕ್ಷಕಿಯರಿಗೆಂದು ತಂದಿಟ್ಟಿದ್ದ ಬಿಳಿ ತಲೆವಸ್ತ್ರವೊಂದು ಬೀರುವಿನಿಂದ ಬಂತು. ಉಪಪ್ರಾಂಶುಪಾಲೆ ಕೆಂಜೆಗುಲ್ ಅಕ್ಕ ಅದನ್ನು ಬಿಡಿಸಿ, ನಗುನಗುತ್ತಾ ಬುರುಲ್‌ಳ ತಲೆಯತ್ತ ತಂದರು.

ಸಭೆ ತಣ್ಣಗಾಯಿತು. ನಮ್ಮಲ್ಲಿ ಮದುವೆಯಾಗದ ಹುಡುಗಿಯ ತಲೆಗೆ ಯಾರು ಬಿಳಿ ವಸ್ತ್ರ ಹಾಕುತ್ತಾರೋ ಅವರ ಮನೆಗೆ ಅವಳು ಸೊಸೆ. ಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಅಕ್ಕನಿಗೆ ಮದುವೆಯ ವಯಸ್ಸಿಗೆ ಬಂದ ಮಗನೊಬ್ಬನಿದ್ದ. ಮೂರನೆಯ ಸಾಲಿನಲ್ಲಿ ಕೂತಿದ್ದವನು ವಸ್ತ್ರಕ್ಕಿಂತ ಬಿಳಿಯಾದ.

ಬುರುಲ್ ಯೋಚಿಸಲಿಲ್ಲ, ಅವಳ ಕೈಗಳು ಯೋಚಿಸಿದವು. ಎರಡೂ ಕೈಯಲ್ಲಿ ಅಕ್ಕನ ನಡುಪಟ್ಟಿ ಹಿಡಿದು, ಎತ್ತಿ, ಅರ್ಧ ಸುತ್ತು ತಿರುಗಿಸಿ, ಕುರ್ಚಿಯ ಮೇಲೆ ಕೂರಿಸಿದಳು. ತುಂಬ ನಯವಾಗಿ. ಅಕ್ಕನ ಕನ್ನಡಕ ಕೂಡ ಜಾರಲಿಲ್ಲ.

“ಇದೇ ಇತರೆ,” ಎಂದರು ಜೆನಿಶ್. ಮೈಕು ಇನ್ನೂ ಚಾಲೂ ಇತ್ತು.

ವಸ್ತ್ರ ಮೇಲೇರಿದಾಗಲೇ ಅಜ್ಜಿ ಕೋಲು ಹಿಡಿದು ಹೊರಟಿದ್ದರು. ಈಗ ವೇದಿಕೆಯ ಮೆಟ್ಟಿಲ ಮೇಲೆ ನಿಂತಿದ್ದರು.

“ಇದನ್ನ ಎಲ್ಲಿ ಕಲ್ತೆ?”

“ಇಲ್ಲೇ, ಅಜ್ಜಿ. ಎರಡು ವರ್ಷ ಆಯ್ತು.” ಬುರುಲ್‌ಳ ದನಿ ಇಳಿಯಿತು. “ಹಾಸಿಗೆ ಕಟ್ಲಾ?”

ಅಜ್ಜಿ ನೆಲದಲ್ಲಿ ಬಿದ್ದಿದ್ದ ವಸ್ತ್ರವನ್ನು ಕೋಲಿನ ತುದಿಯಿಂದ ಎತ್ತಿ ನೋಡಿದರು.

“ನನಗೂ ಹಿಂಗೇ ಹಾಕಿದ್ರು. ಹೊಳೆಗೆ ನೀರಿಗೆ ಹೋಗಿದ್ದೆ. ಬಿಂದಿಗೆ ಅಲ್ಲೇ ಉಳೀತು.” ವಸ್ತ್ರವನ್ನು ಕೋಲಿನಿಂದ ಕೊಡವಿದರು. “ನಂಗೆ ಎತ್ತಿ ಕೂರ್ಸೋಕೆ ಬರ್ತಿರ್ಲಿಲ್ಲ.”



“ಆ ವಾಲಿಬಾಲ್ ಬೇಕಾದ್ರೆ ಬಿಡು,” ಎಂದರು ಅಜ್ಜಿ. “ಚೆಂಡು ಬಡಿದು ಯಾರನ್ನ ದೂರ ಇಡ್ತೀಯ? ಇದನ್ನ ಬಿಡ್ಬೇಡ.” ಆಮೇಲೆ ಜೆನಿಶ್‌ರತ್ತ ತಿರುಗಿ, “ಇದಕ್ಕೇನೂ ಪದಕ ಗಿದಕ ಕೊಡಲ್ವೇನಪ್ಪಾ ನೀವು?” ಎಂದು ಜೋರು ಮಾಡಿದರು.

ಬುರುಲ್ ನನ್ನನ್ನು ನೋಡಿದಳು. ನಾನು ಹಾಸ್ಟೆಲಿಗೆ ಹೋಗಿ ಬೂಟುಗಳನ್ನು ತಂದೆ.