ಬೇಸ್ ಡ್ರಮ್ಮಿನ ತೂತು

ನಮ್ಮ ಆರ್ಕೆಸ್ಟ್ರಾದ ಡ್ರಮ್ಮರ್ ವಡಾಲದ ಕಾಲೊನಿಯ ಒಬ್ಬ ಹೆಂಗಸು. ಮಾತು ಅಪ್ಪಟ ಧಾರವಾಡದ್ದು. ಕಾಲಿನಿಂದ ನುಡಿಸುವ ಬೇಸ್ ಡ್ರಮ್ಮಿಗೆ ಪೆಡಲ್ ಬಡಿಯುವ ಕಡೆ ಹೆಡ್ ಎಂಬ ದಪ್ಪನೆಯ ಹೊದಿಕೆ, ಜನರ ಕಡೆ ತೂತಿಲ್ಲದ ತೆಳು ಹೆಡ್ ಹಾಕುತ್ತಿದ್ದರು. ಒಂದೊಂದು ತಿರುಪು ಬಿಗಿದಾಗಲೂ ಅದರ ಪಕ್ಕ ಬೆರಳಿನಿಂದ ತಟ್ಟಿ, ಕಿವಿ ಹತ್ತಿರ ತಂದು ಕಣ್ಣು ಮುಚ್ಚುತ್ತಿದ್ದರು. "ಗುಂ ಅಂತ ಉಳೀಬೇಕ್ರಿ, ಟಪ್ ಅಂತ ಸಾಯಬಾರ್ದು" ಎನ್ನುವುದು ಅವರ ಯಾವತ್ತಿನ ಮಾತು.

ಅಂಧೇರಿಯಲ್ಲಿ ಒಂದು ಕನ್ನಡ ಸಂಘದ ಕಾರ್ಯಕ್ರಮ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಸೌಂಡಿನವನು ಆ ತೆಳು ಹೆಡ್ಡನ್ನು ಬ್ಲೇಡಿನಿಂದ ಕೊಯ್ದು, ತೂತಿನೊಳಗೆ ಮೈಕ್ ತೂರಿಸಿದ್ದ.

"ಛೋಟಾ ಸಾ ಹೋಲ್ ಹೈ, ಮೇಡಂ" ಎಂದು ನಕ್ಕ.

ಅವರು ಸಂಘದ ಅಧ್ಯಕ್ಷರ ಕಡೆ ತಿರುಗಿದರು. "ಒಂದ್ ಮಾತು ಕೇಳಬಾರ್ದೇನ್ರಿ?"

"ಹೋಗ್ಲಿ ಬಿಡಿ ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳಿ."

ನನಗೆ ಮೈಯೆಲ್ಲ ಉರಿಯಿತು. ಅಧ್ಯಕ್ಷರ ಕಾರಿನ ಟಯರಿಗೆ ಯಾರಾದರೂ ಹೀಗೆ ತೂತು ಕೊರೆದಿದ್ದರೆ ಅಡ್ಜಸ್ಟ್ ಮಾಡಿಕೊಳ್ಳುತ್ತಿದ್ದರೇ?

ನಮ್ಮ ಡ್ರಮ್ಮರ್ ಪೆಡಲ್ ಒಮ್ಮೆ ಒತ್ತಿ ನೋಡಿದರು. ಟಪ್ ಎಂದಿತು. ಪೆಡಲನ್ನೇ ಬಿಚ್ಚಿ ಚೀಲಕ್ಕೆ ಹಾಕಿದರು. ಕಾರ್ಯಕ್ರಮ ಪೂರ್ತಿ ಬೇಸ್ ಡ್ರಮ್ ಮೂಕವಾಗಿತ್ತು. ಉಳಿದದ್ದನ್ನೆಲ್ಲ ಕೈಯಲ್ಲೇ ನುಡಿಸಿದರು. ಪಕ್ಕದಲ್ಲಿ ಬೇಸ್ ಗಿಟಾರ್ ಹಿಡಿದು ನಿಂತಿದ್ದ ನನಗೆ ಒಂದೊಂದು ಹಾಡಿಗೂ ಕಾಲಡಿಯ ನೆಲ ಕಿತ್ತುಕೊಂಡಂತಾಯಿತು.

ಮುಗಿದ ಮೇಲೆ ಅಧ್ಯಕ್ಷರು ಶಾಲು ಹಿಡಿದು ಓಡಿ ಬಂದರು. "ಈ ಸಲ ನಿಮ್ಮ ಬೇಸ್ ಡ್ರಮ್ಮು ಎಷ್ಟು ಚೆನ್ನಾಗಿ ಕೇಳಿಸ್ತು ನೋಡಿ, ಮೇಡಂ! ತೂತು ಮಾಡಿಸಿದ್ದೇ ಒಳ್ಳೇದಾಯ್ತು."