ಇಬ್ಬರು ಶರಣಪ್ಪಂದಿರು, ಒಂದು ಕಂಪ್ಯೂಟರು

ನಿನ್ನೆ ಆಳಂದದ ಪೇಟೆಯಲ್ಲಿ ತೊಗರಿ ಹೊಟ್ಟು ತುಂಬಿದ ಟ್ರ್ಯಾಕ್ಟರೊಂದು ಪಕ್ಕದಲ್ಲೇ ಹಾದುಹೋಯಿತು. ಆ ವಾಸನೆಗೆ ಬೇರೆಯವರಿಗೆ ಎಮ್ಮೆ ನೆನಪಾಗುತ್ತದೆ, ನನಗೆ ಕಂಪ್ಯೂಟರು. ನಗಬೇಡಿ, ಕಾರಣವಿದೆ.

ತೊಂಬತ್ತರ ದಶಕದಲ್ಲಿ ನಾನು ಇಲ್ಲಿನ ಬೇಳೆ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದೆ. ಸಾಹುಕಾರರು ಆಳುಗಳನ್ನು ಮುಖ ನೋಡಿಯೇ ಆರಿಸುತ್ತಿದ್ದರು. ಬಾಗಿಲಿಗೆ ‘ಕಂಪನಿ’ ಎಂಬ ಬೋರ್ಡು ಬಿದ್ದ ಮೇಲೆ ಮುಖ ನೋಡುವುದು ಅವರಿಗೆ ಹಳೆಯ ಪದ್ಧತಿಯೆನಿಸಿ ಕಂಪ್ಯೂಟರು ತರಿಸಿದರು. ಗುಲ್ಬರ್ಗದಲ್ಲಿ ಅಷ್ಟಿಷ್ಟು ಕಲಿತು ಬಂದ ನಾನು, ಅರ್ಜಿಗಳನ್ನು ತಾನೇ ಸೋಸುವ ಪ್ರೋಗ್ರಾಂ ಬರೆದೆ. ಕಾಗದದ ಅರ್ಜಿಗಳು ಬಾಯ್ಲರಿಗೆ ಹೋದವು. ಆಧುನಿಕತೆ ಎಂದರೆ ಮತ್ತೇನು?

ಒಬ್ಬನೇ ಎರಡು ಅರ್ಜಿ ಹಾಕಿದರೆ ಮೊದಲಿನದನ್ನಿಟ್ಟು ಎರಡನೆಯದನ್ನು ಎಸೆಯುವುದು ಪ್ರೋಗ್ರಾಮಿನ ಹೆಚ್ಚುಗಾರಿಕೆ. ಹೆಸರು, ಊರು, ಹುಟ್ಟಿದ ದಿನ ಒಂದೇ ಆದರೆ ಮನುಷ್ಯನೂ ಒಬ್ಬನೇ ಎಂಬುದು ನನ್ನ ಸಿದ್ಧಾಂತ. ನಮ್ಮ ಕಡೆ ಮೊಮ್ಮಕ್ಕಳಿಗೆಲ್ಲ ಅಜ್ಜನ ಹೆಸರೇ ಇಡುತ್ತಾರೆ, ಶಾಲೆಗೆ ಸೇರುವವರಿಗೆಲ್ಲ ಮಾಸ್ತರರು ಜೂನ್ ಒಂದನ್ನೇ ಜನ್ಮದಿನವಾಗಿ ದಯಪಾಲಿಸುತ್ತಾರೆ ಎಂಬುದು ಆಗ ನೆನಪಾಗಲಿಲ್ಲ. ನನ್ನದೂ ಜೂನ್ ಒಂದೇ.

ಇದ್ದದ್ದು ಒಂದೇ ನೌಕರಿ. ನಿಂಬರ್ಗಾದ ಶರಣಪ್ಪನಿಗೆ ಕರೆ ಹೋಯಿತು. ಒಂದೇ ಪತ್ರ ಹಿಡಿದು ಇಬ್ಬರು ಶರಣಪ್ಪಂದಿರು ಬಂದರು. ಅಣ್ಣತಮ್ಮಂದಿರ ಮಕ್ಕಳು, ಒಬ್ಬ ಮೀಸೆಯವ, ಇನ್ನೊಬ್ಬ ಸಣಕಲ.

“ಇದು ನಮ್ಮಿಬ್ಬರಾಗ ಯಾರ್ದ್ರಿ?” ಎಂದ ಮೀಸೆಯವ.

ಸಾಹುಕಾರರು ನನ್ನತ್ತ ನೋಡಿದರು. ನಾನು ಕಂಪ್ಯೂಟರಿನತ್ತ ನೋಡಿದೆ. “ಒಬ್ಬನೇ ಅನ್ನಾಕತ್ತದ್ರಿ. ಮೊದಲ ಕೊಟ್ಟ ಅರ್ಜಿ ಅಷ್ಟೇ ಉಳದದ.”

“ಅದಕ್ಕ ಕಣ್ಣಿಲ್ಲ. ನಿನಗರ ಅದಾವಿಲ್ಲೋ?” ಎಂದು ಸಾಹುಕಾರರು ಗದರಿದರು.

ಸಣಕಲ ನೆಲ ನೋಡುತ್ತಿದ್ದ. ಯಾರು ಮೊದಲು ಕೊಟ್ಟಿರೆಂದು ಸಾಹುಕಾರರು ಕೇಳುವಷ್ಟರಲ್ಲಿ ಮೀಸೆಯವ ಬಾಯಿ ಹಾಕಿದ:

“ಇಂವಂದ್ರಿ. ಮಣ್ಣೂರಾಗ ಹೆಣ್ಣು ಗೊತ್ತಾಗ್ಯಾದ. ನೌಕ್ರಿ ಸಿಕ್ರ ಲಗ್ನ, ಇಲ್ಲಂದ್ರ ಬ್ಯಾರೆ ವರ ನೋಡ್ತೀವಿ ಅಂದಾರ. ನನ್ನಾಕಿ ಹ್ಯಾಂಗೂ ಮನಿಗಿ ಬಂದಾಳ.”

“ನೀ ಏನ್ ಮಾಡ್ತಿ ಮತ್ತ?”

“ತೊಗರಿ ಕೊಯ್ತೇನ್ರಿ. ಅದು ನೀ ಯಾವ ಶರಣಪ್ಪ ಅಂತ ಕೇಳಂಗಿಲ್ಲ.”

ಸಾಹುಕಾರರು ನಕ್ಕರು. ನೌಕರಿ ಸಣಕಲನಿಗಾಯಿತು, ಮುಂದೆ ಲಗ್ನವೂ ಆಯಿತು.

ಹೊರಡುವಾಗ ಮೀಸೆಯವ ನನ್ನ ಮೇಜಿನ ಬಳಿ ನಿಂತ. “ಇದರಾಗ ನನ್ನ ಹೆಸರು ಒಂದೀಟು ತೋರಸ್ರಿ.” ತೋರಿಸಿದೆ. ಹಸಿರು ಅಕ್ಷರಗಳನ್ನು ಕೈಕಟ್ಟಿಕೊಂಡು ನೋಡಿ, “ಚಂದ ಕಾಣ್ತದ” ಎಂದು ಬಸ್ಸಿಗೆ ನಡೆದ.

ಇಬ್ಬರದೂ ಒಂದೇ ಹೆಸರು, ನೋಡಲಿ ಬಿಡು ಎಂದುಕೊಂಡಿದ್ದೆ, ಇಷ್ಟು ವರ್ಷ. ನಿನ್ನೆ ನಡುಬೀದಿಯಲ್ಲಿ ನಿಂತವನಿಗೆ ಹೊಳೆಯಿತು: ಅವನು ನೋಡಿ ಹೋದದ್ದು ತನ್ನದೇ ಅರ್ಜಿಯನ್ನು.