ಪಿಕಪ್ಪಿನ ಹುಚ್ಚು

ನನ್ನ ಗಂಡನಿಗೆ ಪಿಕಪ್ಪಿನ ಹುಚ್ಚು, ಅಂದರೆ ಕಾರು ನಿಂತಲ್ಲಿಂದಲೇ ನೆಗೆಯಬೇಕೆನ್ನುವ ಹುಚ್ಚು, ಹಿಡಿಸಿದ್ದು ಒಂದು ಆನೆ. ಅದಕ್ಕೆ ಮೊದಲು ಅವರಿಗಿದ್ದದ್ದು ಬರೀ ಕಾರಿನ ಹುಚ್ಚು.

ತಂಬಾಕಿಗೆ ಒಳ್ಳೆಯ ರೇಟು ಬಂದ ಒಂದು ವರ್ಷ ಅವರು ಕೊಡಗಿನ ಎಸ್ಟೇಟೊಂದರಿಂದ ಅಮೆರಿಕದ ಹಳೆಯ ಕಾರು ಕೊಂಡು ತಂದರು. ಎಂಟು ಸಿಲಿಂಡರಿನ ಎಂಜಿನ್ನು, ಮಂಚದಷ್ಟು ಅಗಲದ ಸೀಟು. ಸ್ಟೀರಿಂಗ್ ಎಡಗಡೆ, ಗೇರಿನ ಲಿವರು ಸ್ಟೀರಿಂಗಿನ ಬಲಪಕ್ಕಕ್ಕೇ ಅಂಟಿಕೊಂಡಿತ್ತು. ಹೀಗಾಗಿ ನಾನು ಕೂರುತ್ತಿದ್ದದ್ದು ಬಲಗಡೆ, ನಮ್ಮಲ್ಲಿ ಡ್ರೈವರು ಕೂರುವ ಜಾಗದಲ್ಲಿ. ಹುಣಸೂರು ಬಸ್ ಸ್ಟ್ಯಾಂಡಿನ ಮುಂದೆ ಹಾದರೆ ಜನ ಬಗ್ಗಿ ಬಗ್ಗಿ ನನ್ನ ಕೈ ನೋಡುತ್ತಿದ್ದರು, ಸ್ಟೀರಿಂಗ್ ಎಲ್ಲಿ ಅಂತ. ನನಗೆ ನಾಚಿಕೆಯಾಗುತ್ತಿತ್ತು, ಅವರಿಗೆ ಹೆಮ್ಮೆ.

ನಾನಾಗ ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಹೋಗಲು ಬಸ್ಸಿತ್ತು, ಸಂಜೆಯ ಬಸ್ಸನ್ನು ನಂಬುವ ಹಾಗಿರಲಿಲ್ಲ. ನನ್ನನ್ನೂ, ನನ್ನ ಜೊತೆಯೇ ಬಂದಿರುತ್ತಿದ್ದ ನಾಲ್ಕು ವರ್ಷದ ಮಗಳನ್ನೂ ಕರೆದೊಯ್ಯಲು ಅವರು ಕಾರು ತರುತ್ತಿದ್ದರು. ಅಂಥ ಒಂದು ಸಂಜೆ ಕಾಡಿನ ತಿರುವಿನಲ್ಲಿ ಒಂಟಿ ಸಲಗ ನಿಂತಿತ್ತು. ನಾವೂ ನಿಂತೆವು. ಅದು ದಾರಿ ಬಿಟ್ಟ ಹಾಗೆ ಮಾಡಿ, ನಾವು ಮುಂದೆ ದಾಟಿದ ಕೂಡಲೇ ತಿರುಗಿ ಬಂತು. ಗಂಡ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಕಾರು ಸದ್ದು ಮಾಡಿದ್ದೇ ಹೆಚ್ಚು, ಹೊರಟದ್ದು ಮಾತ್ರ ಹಬ್ಬದೂಟ ಮುಗಿಸಿ ಏಳುವ ಬೀಗರ ಹಾಗೆ. ಆನೆ ಯಾಕೋ ಸ್ವಲ್ಪ ದೂರ ಬಂದು ನಮ್ಮನ್ನು ಬಿಟ್ಟಿತು.

ಅವತ್ತು ಅವರಿಗೆ ಊಟ ಸೇರಲಿಲ್ಲ. “ಕೂಸು ಹಿಂದ್ಗಡೆ ಮಲ್ಗಿತ್ತು ಕಣೇ” ಎಂದು ಮತ್ತೆ ಮತ್ತೆ ಅಂದರು.

ಮರುವಾರ ಕಾರು ವರ್ಕ್‌ಶಾಪು ಸೇರಿತು. ಮೆಕ್ಯಾನಿಕ್ಕು ಹಿಂದಿನ ಎರಡೂ ಚಕ್ರ ಎತ್ತಿ, ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಎಂಜಿನ್ನಿನ ಕಡೆಯಿಂದ ಬರುವ ಶಾಫ್ಟನ್ನು ಕೈಯಲ್ಲೇ ತಿರುಗಿಸಿ ತೋರಿಸಿದ. ಶಾಫ್ಟು ಮೂರು ಸುತ್ತು ಸುತ್ತುವಷ್ಟರಲ್ಲಿ ಚಕ್ರ ಒಂದು ಸುತ್ತು ಬಂತು. ಹಿಂದಿನ ಚಕ್ರಗಳ ನಡುವಿನ ಹೌಸಿಂಗೆಂಬ ಗುಂಡು ಡಬ್ಬಿಯೊಳಗೆ ಒಂದನ್ನೊಂದು ಕಚ್ಚಿಕೊಂಡಿರುವ ಎರಡು ಹಲ್ಲುಚಕ್ರಗಳದ್ದು, ಕ್ರೌನು ಪಿನಿಯನ್ನಿನದ್ದು, ಆ ಲೆಕ್ಕ.

“ಇದು ಆ ದೇಶದ ಉದ್ದಾನುದ್ದ ರೋಡಿಗೆ ಮಾಡಿರೋದು ಕಣಣ್ಣ. ಓಡ್ತದೆ, ಎಳೆಯಕಿಲ್ಲ” ಎಂದ ಅವನು. ಮೈಸೂರಿನ ಗುಜರಿಯಲ್ಲಿ ಇದಕ್ಕೆ ಒಗ್ಗುವ ಎರಡು ಜೊತೆ ಸಿಕ್ಕಿದ್ದವು. ಒಂದು ಮೂರೂವರೆ ಸುತ್ತಿನದು, ಇನ್ನೊಂದು ನಾಲ್ಕೂವರೆಯದು. “ಮೂರೂವರೇದು ಹಾಕ್ಸಿ, ಸಾಕು. ನಾಕೂವರೆ ಹಾಕಿದ್ರೆ ಪಿಕಪ್ಪು ಬತ್ತದೆ, ಓಟ ಹೋಯ್ತದೆ.”

“ಓಟ ಯಾವನಿಗ್ ಬೇಕ್ಲಾ?” ಅಂದರು ನನ್ನ ಗಂಡ. “ನಿಂತಿರೋ ಜಾಗದಿಂದ ನೆಗೀಬೇಕು. ನಾಕೂವರೇನೇ ಹಾಕು.”

ಹಾಕಿಸಿ ತಂದ ದಿನ ಬಿಳಿಕೆರೆಯ ಕಡೆ ಟಾರು ರಸ್ತೆಯಲ್ಲಿ ಒಮ್ಮೆ ಒತ್ತಿ ತೋರಿಸಿದರು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು, ಮಡಿಲಲ್ಲಿದ್ದ ಟಿಫನ್ ಕ್ಯಾರಿಯರು ಹೊಟ್ಟೆಗೆ ಬಡಿಯಿತು. ಸ್ವಲ್ಪ ವೇಗಕ್ಕೇ ಎಂಜಿನ್ನು ಕಿರುಚುತ್ತಿತ್ತು, ಅದು ಅವರ ಕಿವಿಗೆ ಬೀಳಲೇ ಇಲ್ಲ. ನನಗೆ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ವರ್ಕ್‌ಶಾಪಿನ ಅಂಗಳದಿಂದ ಹೊರಡುವಾಗ ಹಿಂದಿನ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿ ಗೋಡೆಗೆ ಕೆಸರು ಎರಚಿತ್ತು. ಅಲ್ಲಿದ್ದವರೆಲ್ಲ ಭೇಷ್ ಅಂದಿದ್ದರು. ನಾನು ಚುಂಚನಕಟ್ಟೆ ಕಡೆಯವಳು, ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಬೆಳೆದವಳು. ಚಕ್ರ ಹಾಗೆ ತಿರುಗಿದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡಿದ್ದೆ.

“ಮಳೇಲಿ ಇದು ಹೂತ್ಕೊಳ್ಳುತ್ತೆ ಕಣ್ರೀ” ಎಂದೆ.

“ಗದ್ದೆಯೋರಿಗೆ ಎಲ್ಲಾ ಕಡೆ ಕೆಸರೇ ಕಾಣೋದು, ಸುಮ್ಕಿರು” ಎಂದು ನಕ್ಕರು. ಅವರದು ಪಿರಿಯಾಪಟ್ಟಣದ ಹೊಲದ ಮನೆತನ. ನನಗೆ ಸಿಟ್ಟು ಬಂತು.

ಮಳೆಗಾಲ ಶುರುವಾಯಿತು. ಕಾಡಿನ ನಡುವೆ ಒಂದು ಕಡೆ ರಿಪೇರಿಗೆಂದು ರಸ್ತೆ ಅಗೆದು ಕೆಂಪು ಮಣ್ಣು ಹರಡಿದ್ದರು. ಆ ಸಂಜೆ ನಾವು ಅಲ್ಲಿಗೆ ಬರುವ ಹೊತ್ತಿಗೆ ಮುಂದೆ ಆನೆಗಳ ಹಿಂಡು ರಸ್ತೆ ದಾಟುತ್ತಿತ್ತು. ಗಂಡ ಕಾರು ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯಾಗಿ ಆ ಮಣ್ಣಿನ ಮೇಲೆ. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಹಿಂಡು ಎಡಕ್ಕೆ ಇಳಿದು ಮರೆಯಾಯಿತು. ಇನ್ನು ಹೊರಡಬಹುದು ಅನ್ನುವಾಗ ನನ್ನ ಕಡೆ, ಬಲಕ್ಕೆ ಸ್ವಲ್ಪ ಹಿಂದೆ, ಬಿದಿರು ಮುರಿದ ಸದ್ದಾಯಿತು. ಒಂದು ಹೆಣ್ಣಾನೆ ಮರಿಯೊಂದಿಗೆ ನಮ್ಮ ಹಿಂದೆಯೇ ಉಳಿದುಬಿಟ್ಟಿತ್ತು. ಹಿಂಡಿಗೂ ಅದಕ್ಕೂ ನಡುವೆ ನಾವು.

ಅದು ಕಿವಿ ಅಗಲಿಸಿ ರಸ್ತೆಗೆ ಇಳಿಯಿತು. ಗಂಡ ಒಂದನೇ ಗೇರಿಗೆ ಎಳೆದು ಪೂರ್ತಿ ಒತ್ತಿದರು. ಇಷ್ಟು ದಿನ ಕಾದದ್ದು ಈ ಗಳಿಗೆಗೇ ತಾನೆ? ಎಂಜಿನ್ನು ಗರ್ಜಿಸಿತು, ಕಾರು ಮುಂದಕ್ಕೆ ಒಂದಿಂಚೂ ಕದಲಲಿಲ್ಲ. ಹಿಂದಿನ ಭಾಗ ಪಕ್ಕಕ್ಕೆ ಜಾರಿ ಕೆಳಗೆ ಕೂತಿತು. ಅವರು ಇನ್ನಷ್ಟು ಒತ್ತಿದರು. ಕೆಸರು ಹಿಂದಿನ ಮಡ್‌ಗಾರ್ಡಿಗೆ ರಪರಪ ಬಡಿಯಿತು. ಆ ಸದ್ದಿಗೆ ಮಗಳು ಎದ್ದು ಅಳತೊಡಗಿದಳು.

“ರೇಸ್ ಬುಡಿ” ಎಂದೆ. ನನ್ನ ಬಾಯಲ್ಲಿ ಬಂದದ್ದು ಗದ್ದೆಯ ಬದುವಿನಿಂದ ಕೂಗುತ್ತಿದ್ದ ನಮ್ಮಪ್ಪನ ಮಾತು.

ಅವರಿಗೆ ಕೇಳಿಸಲಿಲ್ಲ. ಕನ್ನಡಿಯಲ್ಲಿ ಆನೆ ದೊಡ್ಡದಾಗುತ್ತಿತ್ತು, ಅವರ ಕಣ್ಣು ಅಲ್ಲೇ ನಟ್ಟಿತ್ತು. ಅವರ ತೊಡೆಗೆ ಜೋರಾಗಿ ಹೊಡೆದೆ. “ರೇಸ್ ಬುಡಿ ಅಂದ್ನಲ್ಲ. ಕ್ಲಚ್ ಒತ್ತಿ.”

ಒತ್ತಿದರು. ಲಿವರು ನನ್ನ ಕೈಗೆ ಎಟಕುವಷ್ಟೇ ದೂರದಲ್ಲಿತ್ತು. ದಿನಾ ನೋಡಿ ನೋಡಿ ಒಂದು ಕೆಳಗೆ, ಎರಡು ಮೇಲೆ ಅಂತ ಗೊತ್ತಿತ್ತು. ಎರಡರಲ್ಲಿ ಚಕ್ರಕ್ಕೆ ಎಳೆತ ಕಡಿಮೆ, ಕೆಸರಲ್ಲಿ ನಿಂತಲ್ಲೇ ತಿರುಗುವುದೂ ಕಡಿಮೆ ಅನ್ನುವುದು ಗದ್ದೆ ಕಲಿಸಿದ್ದು. ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ತಳ್ಳಿದೆ.

“ಈಗ ಕ್ಲಚ್ಚು ಮೆಲ್ಲಗೆ ಬುಡಿ. ಮೆಲ್ಲಗೆ, ನಿಮ್ ದಮ್ಮಯ್ಯ.”

ಎಂಜಿನ್ನು ಆರಿಹೋಗುವ ಹಾಗೆ ಗೊರಗುಟ್ಟಿತು. ಡಿಕ್ಕಿಯ ಮುಚ್ಚಳದ ಮೇಲೆ ಏನೋ ಧಡ್ ಎಂದು ಬಿತ್ತು, ಇಡೀ ಕಾರು ಅದುರಿತು. ಅವರ ಕಾಲು ಮತ್ತೆ ಜೋರಾಗಿ ಒತ್ತಲು ಹೊರಟಿದ್ದನ್ನು ಕಂಡು ಅವರ ಮೊಣಕಾಲನ್ನು ಹಿಡಿದುಕೊಂಡೆ. ಚಕ್ರ ಒಮ್ಮೆ ಜಾರಿ, ಆಮೇಲೆ ಕಚ್ಚಿತು. ಕಾರು ತೆವಳಿತು. ಗುಂಡಿಯಿಂದ ಮೇಲೆ ಬಂತು. ಮುಂದಿನ ಚಕ್ರ, ಹಿಂದೆಯೇ ಹಿಂದಿನ ಚಕ್ರ, ಟಾರು ಹತ್ತಿದ್ದು ಗೊತ್ತಾದ ಮೇಲೆ ಮೊಣಕಾಲು ಬಿಟ್ಟೆ.

“ಈಗ ಒತ್ತಿ” ಎಂದೆ. ಒತ್ತಿದರು. ನಿಜ ಹೇಳಬೇಕು, ಆಗ ಆ ನಾಲ್ಕೂವರೆಯ ಹಲ್ಲು ಕಾರನ್ನು ಎತ್ತಿಕೊಂಡೇ ಹೋಯಿತು.

ಚೆಕ್‌ಪೋಸ್ಟಿನ ಬಳಿ ನಿಲ್ಲಿಸಿ ಮಗಳನ್ನು ಮುಂದಕ್ಕೆ ಎತ್ತಿಕೊಂಡರು. ಅವರಿಗೆ ಅಳು ಬಂದಿತ್ತು, ನನಗೂ. ಡಿಕ್ಕಿಯ ಮುಚ್ಚಳ ಮೊರದ ಹಾಗೆ ತಗ್ಗಾಗಿತ್ತು.

ಮೆಕ್ಯಾನಿಕ್ಕು ಅದನ್ನು ನೋಡಿ, “ಮೂರೂವರೇದು ಇನ್ನೂ ಇಲ್ಲೇ ಐತೆ ಅಣ್ಣ, ಬದ್ಲಾಯ್ಸ್ಲಾ?” ಎಂದು ಕೇಳಿದ.

ಗಂಡ ನನ್ನ ಕಡೆ ನೋಡಿದರು. “ಬ್ಯಾಡ, ಇದೇ ಇರ್ಲಿ” ಅಂದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲ ಅಂದುಕೊಂಡೆ.

ಮರುದಿನ ಸಂಜೆ ಶಾಲೆಯಿಂದ ಹೊರಟೆವು. ಮತ್ತೆ ಮಳೆ ಹಿಡಿದಿತ್ತು. ಟಾರು ಮುಗಿದು ಕೆಂಪು ಮಣ್ಣು ಶುರುವಾಗುವ ಕಡೆ ಅವರು ನಿಧಾನ ಮಾಡಿ, ಬಲಗೈಯನ್ನು ಲಿವರಿನಿಂದ ತೆಗೆದು ಸ್ಟೀರಿಂಗಿನ ಮೇಲಿಟ್ಟರು. ಕ್ಲಚ್ ಒತ್ತಿ ಕಾದರು. ನಾನು ಕೈ ಚಾಚಿ ಎರಡಕ್ಕೆ ಹಾಕಿದೆ.